ಕೊನೆಯ ಸ್ಲೈಡಿನಲ್ಲಿ ನಾನು

ನನಗೊಂದು ಕೆಟ್ಟ ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ, ಅವಾಗಿದ್ದರೆ ಹೆಂಡತಿಗೆ ಬಯ್ಯಲಾದರೂ ಸುಲಭವಾಗುತ್ತಿತ್ತು. ನನ್ನದು ಹೆಸರು ಹಾಕುವ ಚಟ. ನಮ್ಮ ಕಡೆ ಮದುವೆಗೆ ಸ್ಟೀಲ್ ಚೊಂಬು ಕೊಟ್ಟರೂ ಅದರ ಮೇಲೆ ಕೊಟ್ಟವರ ಹೆಸರು ಕೊರೆಸಿರಬೇಕು, ಇಲ್ಲದಿದ್ದರೆ ಕೊಟ್ಟಂತೆಯೇ ಅಲ್ಲ. ನಾನು ಅಷ್ಟಕ್ಕೇ ನಿಲ್ಲದೆ ಮನೆಯ ಕೊಡೆ, ಟಾರ್ಚು, ಕೊನೆಗೆ ಗೋಡೆ ಗಡಿಯಾರದ ಬೆನ್ನಿಗೂ ‘ಪಿ. ಶಿವಮಲ್ಲು, ಚಾಮರಾಜನಗರ’ ಎಂದು ಬರೆದಿಟ್ಟಿದ್ದೇನೆ. ‘ಗಡಿಯಾರ ಯಾರು ಕದೀತಾರೆ?’ ಎಂದು ನನ್ನ ಹೆಂಡತಿ ರೇಣುಕಾ ಕೇಳಿದ್ದಳು. ಕದ್ದರೆ ಅದು ಯಾರದೆಂದು ಕಳ್ಳನಿಗೂ ಗೊತ್ತಾಗಬೇಡವೇ?

ಈ ಚಟ ಅವಳ ಕೆಲಸಕ್ಕೇ ಕುತ್ತು ತರುತ್ತದೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ಮಗಳು ಹುಟ್ಟಿದ ಮೇಲೆ ಪಾಠ ಹೇಳುವುದನ್ನು ಬಿಟ್ಟಿದ್ದ ರೇಣುಕಾಗೆ ಎಷ್ಟೋ ವರ್ಷಗಳ ನಂತರ ಗುಂಡ್ಲುಪೇಟೆಯ ಖಾಸಗಿ ಶಾಲೆಯೊಂದರಿಂದ ಕರೆ ಬಂತು. ಬಂದು ಒಂದು ಪಾಠ ಮಾಡಿ ತೋರಿಸಬೇಕು, ಸ್ಲೈಡುಗಳಿರಬೇಕು, ಲ್ಯಾಪ್‌ಟಾಪ್ ನಾವೇ ತರಬೇಕು. ಅವಳು ಮನೆಯ ಹಳೆಯ ಕಂಪ್ಯೂಟರಿನಲ್ಲಿ ರೇಷ್ಮೆಹುಳದ ಬಗ್ಗೆ ಸೊಗಸಾದ ಸ್ಲೈಡುಗಳನ್ನು ತಾನೊಬ್ಬಳೇ ಕೂತು ಮಾಡಿಕೊಂಡಳು. ಆ ಕಂಪ್ಯೂಟರನ್ನು ಹೊತ್ತುಕೊಂಡು ಬಸ್ ಹತ್ತಲಾಗದೆಂದು ನಮ್ಮ ಆಫೀಸಿನ ಸಮೀಉಲ್ಲಾ ಸಾಹೇಬರು ತಮ್ಮ ಲ್ಯಾಪ್‌ಟಾಪ್ ಕೊಟ್ಟರು. ನೋಡಿದರೆ ಅದರಲ್ಲಿ ಸ್ಲೈಡು ತೆರೆಯುವ ಪ್ರೋಗ್ರಾಮೇ ಇಲ್ಲ! ಹೊರಡುವ ದಿನ ಬೆಳಿಗ್ಗೆ, ‘ಅದನ್ನ ಹಾಕೋದು ನನ್ನ ಕೆಲಸ, ನೀನು ಸೀರೆ ಉಟ್ಕೋ’ ಎಂದು ಧೈರ್ಯ ಹೇಳಿ ಕೂತೆ.

ನನಗೆ ಬೇಕಿದ್ದದ್ದು ಆ ಒಂದೇ ಪ್ರೋಗ್ರಾಮು. ಆದರೆ ಬರೆಯುವುದು, ಲೆಕ್ಕ ಮಾಡುವುದು, ಮೇಲ್ ಕಳಿಸುವುದು ಎಲ್ಲವೂ ಒಂದೇ ಸಂಸಾರವಂತೆ, ಬಂದರೆ ಒಟ್ಟಿಗೇ ಬರುತ್ತವಂತೆ. ಬನ್ರಪ್ಪ ಎಂದೆ. ಪರದೆಯ ಮೇಲಿನ ನೀಲಿ ಗೆರೆ ಆಮೆಯಂತೆ ತೆವಳಿತು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೂ ಎಲ್ಲ ಇಳಿಯಿತು ಅನ್ನುವಾಗ ಒಂದು ನೋಟೀಸು: ‘ನಿಮ್ಮ ಲೈಸೆನ್ಸಿನ ಐದು ಕಂಪ್ಯೂಟರುಗಳ ಮಿತಿ ಮುಗಿದಿದೆ. ಒಂದನ್ನು ತೆಗೆಯಿರಿ.’

ಮುಗಿಯದೆ ಏನು? ಮನೆಯ ಕಂಪ್ಯೂಟರಿಗೆಂದು ಕೊಂಡ ಆ ಲೈಸೆನ್ಸನ್ನು ಐದು ಮಂದಿ ಬಳಸಬಹುದೆಂದು ಗೊತ್ತಾದ ದಿನವೇ ನಾನು ಧರ್ಮಪ್ರಭುವಿನಂತೆ ಪಾಸ್‌ವರ್ಡನ್ನು ನೆಂಟರಿಗೆಲ್ಲ ಹಂಚಿದ್ದೆ. ಈಗ ಯಾರನ್ನು ಹೊರಗೆ ಹಾಕುವುದು? ಸಂತೆಮರಹಳ್ಳಿಯಲ್ಲಿರುವ ಭಾವಮೈದ ಮಾದೇಶನ ಕಂಪ್ಯೂಟರ್ ಪಟ್ಟಿಯಲ್ಲಿ ಕಣ್ಣಿಗೆ ಬಿತ್ತು. ಅವನನ್ನು ಕೇಳಿ ತೆಗೆದರೆ, ಕೊಟ್ಟದ್ದನ್ನು ಕಿತ್ತುಕೊಂಡ ಅಳಿಯನೆಂದು ಅತ್ತೆ ಊರೆಲ್ಲ ಸಾರುತ್ತಾರೆ. ಕೇಳದೆ ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ಅವನು ಅದರಲ್ಲಿ ಏನು ಕಡಿದು ಕಟ್ಟೆ ಹಾಕುತ್ತಿದ್ದಾನೆ! ತೆಗೆದುಬಿಟ್ಟೆ. ಸ್ಲೈಡುಗಳು ತೆರೆದುಕೊಂಡವು. ಇಷ್ಟು ಒದ್ದಾಡಿದ ಮೇಲೆ ನನ್ನ ಕೈ ಸುಮ್ಮನಿದ್ದೀತೇ? ಕೊನೆಗೊಂದು ಹೊಸ ಸ್ಲೈಡು ಸೇರಿಸಿದೆ. ಸುತ್ತ ಗುಲಾಬಿ, ನಡುವೆ ಗಿರಗಿರನೆ ತಿರುಗುವ ಅಕ್ಷರ: ‘ತಯಾರಿ: ಪಿ. ಶಿವಮಲ್ಲು, ಚಾಮರಾಜನಗರ’.

ತೆರಕಣಾಂಬಿ ದಾಟುವಾಗ ಬಸ್ಸಿನಲ್ಲಿ ರೇಣುಕಾ ಪಾಠವನ್ನೊಮ್ಮೆ ನೋಡಿಕೊಳ್ಳಲು ಲ್ಯಾಪ್‌ಟಾಪ್ ತೆರೆದಳು. ಕೊನೆಯ ಸ್ಲೈಡು ಕಂಡದ್ದೇ ಅವಳ ಮುಖ ಬಿಳಿಚಿತು.

‘ಏನ್ರೀ ಇದು? ಪಾಠ ಗಂಡ ಮಾಡಿಕೊಟ್ಟ ಅನ್ಕೋತಾರೆ. ನಂಗೆ ಕೆಲಸ ಕೊಡ್ತಾರಾ? ಮೊದ್ಲು ತೆಗೀರಿ!’

ತೆಗೆಯಲು ಹೋದೆ. ಲೈಸೆನ್ಸು ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಮೊಬೈಲಿನಿಂದ ಇಂಟರ್‌ನೆಟ್ಟನ್ನೂ ಕೊಟ್ಟೆ. ಕೊಟ್ಟದ್ದೇ ತಡ, ಕೆಂಪು ಪಟ್ಟಿ ಬಂತು: ‘ಈ ಕಂಪ್ಯೂಟರನ್ನು ತೆಗೆಯಲಾಗಿದೆ. ನೋಡಬಹುದು, ತಿದ್ದುವಂತಿಲ್ಲ.’ ಅಷ್ಟರಲ್ಲಿ ಮಾದೇಶನ ಫೋನು.

‘ಭಾವ, ಯಾವನೋ ನನ್ ಕಂಪ್ಯೂಟ್ರುನ್ನ ತೆಗ್ದಾಕ್ಬುಟ್ಟಿದ್ದ ಕಣ್ ಭಾವ! ನಾನೇನ್ ಬುಟ್ಟೇನಾ? ಯಾವ್ದೋ ಒಸ ಲ್ಯಾಪ್‌ಟಾಪ್ ಸೇರ್ಕೊಂಡಿತ್ತು, ಅದ್ನ ಕಿತ್ತಾಕಿ ನಾನ್ ಒಳೀಕ್ ಬಂದ್ಬುಟ್ಟೆ. ನೀವೇನೂ ಯೋಚ್ನೆ ಮಾಡ್ಬೇಡಿ!’

‘ಒಳ್ಳೆ ಕೆಲಸ ಮಾಡ್ದೆ ಕಣಪ್ಪ,’ ಎಂದೆ. ಬೇರೆ ಏನು ಹೇಳಲಿ? ಮತ್ತೆ ಒಳಗೆ ಹೋಗಲು ನೋಡಿದರೆ, ಪದೇ ಪದೇ ಬದಲಾಯಿಸುತ್ತಿದ್ದೀರಿ, ನಾಳೆ ಬನ್ನಿ ಎಂದಿತು. ರೇಣುಕಾ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಬಸ್ ಇಳಿಯುವಾಗ ಅವಳು, ‘ಅದರ ಹಿಂದಿನ ಸ್ಲೈಡಿಗೇ ನಿಲ್ಲಿಸ್ತೀನಿ. ನೀವು ದಯವಿಟ್ಟು ಏನೂ ಮುಟ್ಟಬೇಡಿ’ ಎಂದಳು.

ಪಾಠವನ್ನು ಅದೆಷ್ಟು ಚೆನ್ನಾಗಿ ಮಾಡಿದಳು! ಹುಳ ಗೂಡು ಕಟ್ಟುವುದನ್ನು ಹೇಳುವಾಗ ಮಕ್ಕಳು ಬೆಂಚಿನಿಂದ ಮುಂದೆ ಬಾಗಿ ಕೇಳುತ್ತಿದ್ದರು. ಲ್ಯಾಪ್‌ಟಾಪ್ ಹೊತ್ತು ತಂದ ನೆಪದಲ್ಲಿ ಹಿಂದಿನ ಸಾಲಿನಲ್ಲಿ ಕೂತ ನಾನು ಮಾತ್ರ ಹುಳ ನೋಡಲಿಲ್ಲ, ಅವಳ ಬೆರಳನ್ನೇ ನೋಡುತ್ತಿದ್ದೆ. ಹೇಳಿದಂತೆ ಹಿಂದಿನ ಸ್ಲೈಡಿಗೇ ನಿಲ್ಲಿಸಿ ಕೈ ಮುಗಿದಳು. ನಾನು ಉಸಿರು ಬಿಟ್ಟೆ. ಆಗ ಹೆಡ್‌ಮೇಡಂ ಲ್ಯಾಪ್‌ಟಾಪಿನತ್ತ ಕಣ್ಣು ಹಾಯಿಸಿ, ‘ಇನ್ನೂ ಒಂದಿದೆಯಲ್ಲಮ್ಮ’ ಎಂದು ತಾವೇ ಎದ್ದು ಗುಂಡಿ ಒತ್ತಿದರು.

ಗೋಡೆಯ ತುಂಬ ಗುಲಾಬಿ. ನಡುವೆ ನಾನು, ಗಿರಗಿರ. ಮಕ್ಕಳು ಹೋ ಎಂದು ನಕ್ಕರು.

‘ಯಾರಮ್ಮ ಇದು ಶಿವಮಲ್ಲು? ಪಾಠ ಇವರದ್ದಾ?’

ರೇಣುಕಾ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

‘ಕಂಪ್ಯೂಟರ್ ಅಂಗಡಿಯವನು, ಮೇಡಂ. ಪ್ರೋಗ್ರಾಮು ಹಾಕೋಕೆ ಕೊಟ್ಟಿದ್ವಿ. ಪಾಠ ಪೂರ್ತಿ ಇವರದ್ದೇ. ಅವನಿಗೆ ಕಂಡಕಂಡಲ್ಲಿ ಹೆಸರು ಹಾಕ್ಕೊಳ್ಳೋ ರೋಗ.’

ಮೇಡಂ ರೇಣುಕಾಳಿಗೆ ಒಂದರ ಹಿಂದೊಂದು ಪ್ರಶ್ನೆ ಹಾಕಿದರು. ಎಲ್ಲಕ್ಕೂ ಅವಳು ತಡವರಿಸದೆ ಉತ್ತರ ಕೊಟ್ಟಳು. ಕೊನೆಗೆ ಅವರು ನಕ್ಕು, ‘ಸೋಮವಾರದಿಂದ ಬನ್ನಿ. ಆದರೆ ಆ ಮನುಷ್ಯನ ಸಹವಾಸ ಬಿಟ್ಟುಬಿಡಿ’ ಎಂದರು.

‘ಬಿಡೋಕಾಗಲ್ಲ ಮೇಡಂ,’ ಎಂದಳು ರೇಣುಕಾ, ‘ಊರಲ್ಲಿರೋದು ಅದೊಂದೇ ಅಂಗಡಿ.’

ಈಗ ಅವಳು ದಿನಾ ಗುಂಡ್ಲುಪೇಟೆಗೆ ಹೋಗಿ ಬರುತ್ತಾಳೆ. ಮೊನ್ನೆ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೂ ಹೋಗಿದ್ದೆ. ಹೆಡ್‌ಮೇಡಂ ಪಕ್ಕದಲ್ಲೇ ಕೂರಿಸಿಕೊಂಡು, ‘ನಿಮ್ಮ ಹೆಸರು?’ ಎಂದು ಕೇಳಿದರು.

‘ರೇಣುಕಾ ಅವರ ಯಜಮಾನರು,’ ಎಂದೆ.

‘ಅದು ಗೊತ್ತು. ಹೆಸರು?’

ನಾನು ಎಲ್ಲರಿಗೂ ಕಾಫಿ ತರುತ್ತೇನೆಂದು ಎದ್ದುಹೋದೆ.