ಎಲೆಗೆ ಕೈ ಅಡ್ಡ ಹಿಡಿಯುವ ಹೊತ್ತು

ಬರೆದಿಟ್ಟುಕೊಳ್ಳದೆ ಸೋಲುವುದು ಕೂಡ ನನ್ನಿಂದಾಗದು. ಪುತ್ತೂರಿನಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ ನನ್ನದು. ನಕ್ಷೆಯಲ್ಲಿ ಕಿಟಕಿಯೊಂದು ಅರ್ಧ ಅಡಿ ಆಚೆ ಹೋದರೆ ನನಗೆ ಅಂದಿನ ಊಟ ರುಚಿಸುವುದಿಲ್ಲ. ಮನೆಯಲ್ಲೂ ಹಾಗೆಯೇ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಅಮ್ಮನ ಮೊಣಕಾಲು ನೋವು ಎಡದಿಂದ ಬಲಕ್ಕೆ ದಾಟಿದ ದಿನ, ಪಕ್ಕದ ಮನೆಯವರು ನಮ್ಮ ಏಣಿ ಕೊಂಡುಹೋದ ದಿನ, ಎಲ್ಲವೂ ತಾರೀಕಿನ ಸಮೇತ ನನ್ನ ಡೈರಿಯಲ್ಲಿವೆ. ಏಣಿ ಮಾತ್ರ ಇನ್ನೂ ಬಂದಿಲ್ಲ. ಇಂಥವನ ಕೈಗೆ, ಆಡುವವನನ್ನು ಸಾಯಿಸುವುದೇ ಮುಖ್ಯ ಕಸುಬಾಗಿರುವ ಗೇಮೊಂದು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು.

ಗೇಮ್ ನನ್ನ ಹೆಂಡತಿ ಭವ್ಯಳ ತಮ್ಮ ಚರಣನದು. ಮರ್ಕಂಜದಲ್ಲಿ ಅವರ ಮನೆಯವರು ಹೊಸ ಮನೆ ಕಟ್ಟಿಸಿ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ತಯಾರಿ ನಡೆಸಿದ್ದರು. ಸಿಮೆಂಟಿನ ಧೂಳು ತಾಗದಿರಲೆಂದು ಚರಣ ತನ್ನ ಗೇಮಿನ ಪೆಟ್ಟಿಗೆಯನ್ನು ತಂದು ನಮ್ಮ ಟಿವಿಗೆ ಸಿಕ್ಕಿಸಿದ. ಒಕ್ಕಲಿನ ದಿನ ಸಂಜೆ ಬಂದು ಕೊಂಡುಹೋಗುವುದೆಂದು ಮಾತು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಭಾವ, ಬೇಕಾದ್ರೆ ನೀವೂ ಆಡಿ. ಆದ್ರೆ ಕೋಟೆಯ ಒಳಗೆ ಹೋಗ್ಲಿಕ್ಕೆ ನಿಮ್ಮಿಂದ ಆಗ್ಲಿಕ್ಕಿಲ್ಲ" ಎಂದ. ಭವ್ಯ ನಕ್ಕಳು. ಭಾವಮೈದುನ ಹೇಳಿದ್ದನ್ನು ಮರೆಯಬಹುದಿತ್ತು, ಹೆಂಡತಿ ನಕ್ಕದ್ದನ್ನು ಮರೆಯುವುದು ಹೇಗೆ? ಅವನು ಪೆಟ್ಟಿಗೆ ಒಯ್ಯಲು ಬರುವಾಗ ನಾನು ಕೋಟೆಯ ಒಳಗಿರಬೇಕು ಎಂದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.

ಈ ಗೇಮಿನಲ್ಲಿ ನಮ್ಮ ಯೋಧನನ್ನು ಮೊದಲು ನಾವೇ ತಯಾರು ಮಾಡಬೇಕು. ಬಲ, ಚುರುಕು, ಬುದ್ಧಿ, ಭಕ್ತಿ, ತ್ರಾಣ ಎಂದೆಲ್ಲ ಗುಣಗಳಿರುತ್ತವೆ. ನಮಗೆ ಕೊಟ್ಟ ಅಂಕಗಳನ್ನು ಅವುಗಳಿಗೆ ಹಂಚಬೇಕು. ನಾನು ಎಲ್ಲಕ್ಕೂ ಸಮನಾಗಿ ಹಂಚಿದೆ. ಹಂತಿಯಲ್ಲಿ, ಅಂದರೆ ಊಟದ ಪಂಕ್ತಿಯಲ್ಲಿ, ಕೂತವರಿಗೆ ಬಡಿಸುವಾಗ ಒಬ್ಬರ ಎಲೆಗೆ ಹೋಳು, ಇನ್ನೊಬ್ಬರ ಎಲೆಗೆ ಬರೀ ರಸ ಎಂದರೆ ಸರಿಯಾಗುತ್ತದೆಯೇ? ಹೀಗೆ ಹುಟ್ಟಿದವನಿಗೆ ದೊಡ್ಡ ಖಡ್ಗ ಎತ್ತುವಷ್ಟು ಬಲವಿರಲಿಲ್ಲ, ಮಂತ್ರ ಹಾಕುವಷ್ಟು ಬುದ್ಧಿಯಿರಲಿಲ್ಲ. ಭಕ್ತಿ ಇತ್ತು, ಆದರೆ ಯಾವ ದೇವರೂ ಕಿವಿಗೊಡುವಷ್ಟಲ್ಲ. ಒಟ್ಟಿನಲ್ಲಿ ನನ್ನ ಹಾಗೆಯೇ ಇದ್ದ. ಫೋಟೋ ತೆಗೆದು ಚರಣನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು. "ಎಂತ ಭಾವ ಇದು? ಆಸ್ತಿ ಪಾಲು ಮಾಡಿದ್ದಾ? ಯಾರಿಗಾದ್ರೂ ಒಬ್ಬನಿಗೆ ಹೆಚ್ಚು ಕೊಡಿ ಮಾರಾಯ್ರೆ, ಯಾರೂ ಕೋರ್ಟಿಗೆ ಹೋಗುದಿಲ್ಲ!"

ಯಾವುದಕ್ಕೆ ಹೆಚ್ಚು ಕೊಡಬೇಕೆಂದು ತಿಳಿಯಲು ಇಂಟರ್ನೆಟ್ಟಿಗೆ ಹೋದೆ. ಅಲ್ಲಿ ಈ ವಿಷಯದ ಪಂಡಿತರು ಬೇಕಾದಷ್ಟಿದ್ದಾರೆ. ಬಲವೇ ಸರ್ವಸ್ವ ಎಂದು ಒಬ್ಬ, ಬಲಕ್ಕೆ ಅಂಕ ಸುರಿಯುವವ ಮೂರ್ಖ ಎಂದು ಇನ್ನೊಬ್ಬ, ಇಬ್ಬರೂ ಸುಳ್ಳು, ವಿಷ ಸವರಿದ ಚೂರಿಯೊಂದೇ ನಿಜ ಎಂದು ಮತ್ತೊಬ್ಬ. ಅಮ್ಮನ ಮೊಣಕಾಲಿಗೆ ಎಣ್ಣೆ ಸೂಚಿಸಲು ಬರುವ ನೆಂಟರೂ ಇಷ್ಟು ಖಚಿತವಾಗಿ ಮಾತಾಡುವುದಿಲ್ಲ. ನಾನು ಎಲ್ಲರ ಮಾತನ್ನೂ ಕೇಳಿದೆ. ಕೊನೆಗೆ ಯೋಧನಿಗೆ ಅತಿ ಭಾರದ ಕವಚ ತೊಡಿಸಿದೆ. ಪೆಟ್ಟು ತಾಗಬಾರದೆಂದು ತೊಡಿಸಿದ ಕವಚದ ಭಾರಕ್ಕೆ ಅವನು ಹೊರಳಲಾರದೆ, ಪ್ರತಿ ಪೆಟ್ಟನ್ನೂ ತುಂಬು ಮನಸ್ಸಿನಿಂದ ಸ್ವೀಕರಿಸತೊಡಗಿದ.

ಪೆಟ್ಟು ಕೊಡುತ್ತಿದ್ದವನು ಕೋಟೆಯ ಬಾಗಿಲು ಕಾಯುವವನು. ಸೇತುವೆಯ ತುದಿಯಲ್ಲಿ, ತೆಂಗಿನ ಮರದುದ್ದದ ಗದೆ ಹಿಡಿದು ನಿಂತಿದ್ದ. ಗದೆ ಎತ್ತುತ್ತಾನೆ, ನಾನು ಪಕ್ಕಕ್ಕೆ ಹೊರಳುತ್ತೇನೆ, ಅವನು ಎತ್ತಿದ ಗದೆಯನ್ನು ಹಾಗೇ ಹಿಡಿದು, ನಾನು ಹೊರಳಿ ಮುಗಿಸಿ ಎದ್ದು ನಿಂತ ಮೇಲೆ, ಸಾವಕಾಶವಾಗಿ ಇಳಿಸುತ್ತಾನೆ. ಡೈರಿಯಲ್ಲಿ "ಸಾವಿನ ಕಾರಣ" ಎಂಬ ಸಾಲು ಹಾಕಿದ್ದೆ. ಮೊದಲು "ಎಡಗಡೆಯ ಪೆಟ್ಟು, ಕಾಲು ಸೇತುವೆಯ ಅಂಚಿನಲ್ಲಿ" ಎಂದೆಲ್ಲ ವಿವರವಾಗಿ ಬರೆಯುತ್ತಿದ್ದವನು, ಪುಟ ತಿರುಗಿದ ಮೇಲೆ "ಮೇಲಿನಂತೆ" ಎಂದು ಬರೆದು ಬಿಡತೊಡಗಿದೆ.

ಅಮ್ಮನಿಗೆ ತೊಂದರೆಯಾದದ್ದು ಬೇರೆಯೇ ವಿಷಯಕ್ಕೆ. "ದೀಪ ಹಚ್ಚುವ ಹೊತ್ತಿಗೆ ದಿನಾ 'ಸತ್ತೆ, ಸತ್ತೆ' ಹೇಳಿ ಬೊಬ್ಬೆ ಹೊಡಿತಾನಲ್ಲ ಇವ! ಬಾಯಲ್ಲಿ ಒಳ್ಳೆ ಮಾತು ಬರುದಿಲ್ವಾ?" ಎಂದು ಭವ್ಯಳ ಹತ್ತಿರ ದೂರಿದರು. ಸಾಯದೆ ಆಡಲು ನನಗೆ ಬಾರದು, ಸತ್ತಾಗ ಸುಮ್ಮನಿರಲೂ ಬಾರದು. ನಮ್ಮಲ್ಲಿ ಯಾರೂ "ಹೋಗುತ್ತೇನೆ" ಎನ್ನುವುದಿಲ್ಲವಲ್ಲ, "ಹೋಗಿ ಬರುತ್ತೇನೆ" ಎನ್ನುತ್ತೇವೆ. ಈ ಗೇಮಿನಲ್ಲಂತೂ ಸತ್ತವನು ನಿಜವಾಗಿಯೂ ಮರಳಿ ಬರುತ್ತಾನೆ. ಹಾಗಾಗಿ ಸತ್ತ ಕೂಡಲೇ "ಹೋಗಿ ಬಂದೆ" ಎನ್ನುವುದೆಂದು ಒಪ್ಪಂದವಾಯಿತು. ಅಡುಗೆಮನೆಯಿಂದ ಅಮ್ಮ "ಹ್ಞಾಂ, ಬಾ" ಎನ್ನುತ್ತಿದ್ದರು.

ಒಕ್ಕಲಿನ ಹಿಂದಿನ ದಿನ ಭವ್ಯ ಬಟ್ಟೆ ಮಡಚುತ್ತಾ ನಾನು ಹೋಗಿ ಬರುವುದನ್ನು ನೋಡುತ್ತಿದ್ದಳು. "ನೀವು ದೊಡ್ಡಪ್ಪನ ಎದುರು ಕೂಡ ಹೀಗೇ ಮಾಡುದು" ಎಂದಳು.

"ಯಾವ ದೊಡ್ಡಪ್ಪ?"

"ನಮ್ಮ ಪಾಯಸದ ದೊಡ್ಡಪ್ಪ. ಅವರು ಸೌಟು ಎತ್ತುವಾಗಲೇ ನೀವು ಎಲೆಗೆ ಕೈ ಅಡ್ಡ ಇಡ್ತೀರಿ. ಅವರಿಗೆಂತ ಅರ್ಜೆಂಟ್ ಉಂಟಾ? ನಿಲ್ತಾರೆ. ನೀವು ಕೈ ತೆಗ್ದ ಮೇಲೆ ಹಾಕ್ತಾರೆ. ಸೌಟು ನೋಡ್ಬೇಡಿ, ಕೈಯ ಮಣಿಗಂಟು ನೋಡಿ. ಮಣಿಗಂಟು ತಿರುಗಿದ ಮೇಲೆ ಅವರಿಗೂ ನಿಲ್ಲಿಸ್ಲಿಕ್ಕೆ ಆಗುದಿಲ್ಲ."

ಭವ್ಯಳ ಈ ದೊಡ್ಡಪ್ಪ, ನನಗೆ ದೊಡ್ಡ ಮಾವ. ಆ ಕುಟುಂಬದ ಯಾವ ಊಟದಲ್ಲೂ ಪಾಯಸ ಬಡಿಸುವ ಹಕ್ಕು ಅವರದು, ಹೊಸ ಅಳಿಯನೆಂದರೆ ಅವರಿಗೆ ತಳವಿಲ್ಲದ ಪಾತ್ರೆ. ನಮ್ಮ ನಿಶ್ಚಿತಾರ್ಥದ ದಿನ ನಾನು ಎರಡೂ ಕೈ ಅಡ್ಡ ಇಟ್ಟು ಬೇಡ ಎಂದೆ. ಅವರು ಸೌಟು ಎತ್ತಿಕೊಂಡೇ, "ತಾಯಿಯವರು ಆರಾಮಾ?" ಎಂದು ಕೇಳಿದರು. ಹಿರಿಯರು ಕೇಳಿದಾಗ ಎಲೆಯ ಮೇಲೆ ಕವುಚಿಕೊಂಡು ಉತ್ತರ ಕೊಡುವುದು ಹೇಗೆ? ಕೈ ತೆಗೆದು ನೆಟ್ಟಗೆ ಕೂತು "ಆರಾಮ" ಎಂದೆ. ಪಾಯಸ ಬಿತ್ತು. ಆ ಊಟದಲ್ಲಿ ಅಮ್ಮನ ಆರೋಗ್ಯದ ಬಗ್ಗೆ ಇನ್ನೂ ಹಲವು ಸಲ ವಿಚಾರಣೆ ನಡೆಯಿತು.

ಮರುದಿನ ಮರ್ಕಂಜದಲ್ಲಿ ಹಂತಿಗೆ ಕೂತೆ. ಹಲಸಿನ ಹಣ್ಣಿನ ಪಾಯಸ. ನಿಜ ಹೇಳಬೇಕೆಂದರೆ ನನಗೆ ಅದು ಪ್ರಾಣ. ಆದರೆ ಅಂದು ನಾನು ಊಟಕ್ಕೆ ಬಂದವನಾಗಿರಲಿಲ್ಲ, ತಾಲೀಮಿಗೆ ಬಂದವನು. ದೊಡ್ಡ ಮಾವ ಬಂದರು. ಸೌಟು ಎತ್ತಿದರು. ನಾನು ಅಲುಗಾಡಲಿಲ್ಲ.

"ಪುತ್ತೂರಲ್ಲಿ ಮಳೆ ಹೇಗುಂಟು ಅಳಿಯಂದಿರೇ?"

ಉತ್ತರ ಕೊಡಲಿಲ್ಲ. ಮಣಿಗಂಟನ್ನೇ ನೋಡುತ್ತಿದ್ದೆ. ತಿರುಗಿತು, ಕೈ ಅಡ್ಡ ಹೋಯಿತು. ಅವರು ಅರ್ಧಕ್ಕೆ ತಡೆದ ಸೌಟಿನಿಂದ ಪಾಯಸ ಅವರದೇ ಪಂಚೆಯ ಮೇಲೆ ಚೆಲ್ಲಿತು. ಹಂತಿಯಲ್ಲಿ ನಗೆ ಎದ್ದಿತು. ಅವರು ಬಕೆಟ್ ಹಿಡಿದು ಮತ್ತೆ ಬಂದರು, ಈ ಸಲ ಹಿಂದಿನಿಂದ. ಮತ್ತೆ ತಡೆದೆ. ಮೂರನೆಯ ಸಲ ಎದುರು ನಿಂತು ನನ್ನ ಮುಖವನ್ನೇ ನೋಡಿ, "ಎಂತ, ಶುಗರಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಮಾತಾಡಿದರೆ ಗಮನ ತಪ್ಪುತ್ತದೆಂದು, ಮಣಿಗಂಟಿನಿಂದ ಕಣ್ಣು ಕೀಳದೆ ಹೌದೆಂಬಂತೆ ತಲೆಯಾಡಿಸಿಬಿಟ್ಟೆ. ಅವರು ಸೌಟನ್ನು ಬಕೆಟಿಗೆ ಇಳಿಸಿ ಮುಂದೆ ಹೋದರು.

ಪುತ್ತೂರಿಗೆ ಮರಳಿದವನೇ ಅಂಗಿ ಬದಲಿಸದೆ ಟಿವಿಯ ಎದುರು ಕೂತೆ. ಯೋಧನ ಕವಚ ಕಳಚಿದೆ. ಬಾಗಿಲು ಕಾಯುವವನು ಗದೆ ಎತ್ತಿದ. ನಾನು ನಿಂತೇ ಇದ್ದೆ. ಅಮ್ಮನ ಆರೋಗ್ಯ ಕೇಳಿದರೂ ಅಲುಗುವವನಾಗಿರಲಿಲ್ಲ. ಮಣಿಗಂಟು ತಿರುಗಿತು, ಹೊರಳಿದೆ, ಗದೆ ನೆಲಕ್ಕೆ ಬಡಿಯಿತು, ಎದ್ದು ಎರಡು ಏಟು ಹಾಕಿದೆ. ಮತ್ತೆ ಹಾಗೇ, ಮತ್ತೆ ಹಾಗೇ. ಒಂದೆರಡು ಸಲ ಹೋಗಿ ಬಂದದ್ದೂ ಉಂಟು. ಕೊನೆಗೆ ಅವನು ಮಂಡಿಯೂರಿ ಸೇತುವೆಯ ಮೇಲೆ ಕುಸಿದ. ಭವ್ಯ ಚಪ್ಪಾಳೆ ತಟ್ಟಿದಳು. ಅಡುಗೆಮನೆಯಿಂದ ಅಮ್ಮ ಅಭ್ಯಾಸಬಲದಿಂದ "ಹ್ಞಾಂ, ಬಾ" ಎಂದರು. ಅದೇ ಹೊತ್ತಿಗೆ ಬಾಗಿಲಲ್ಲಿ ಚರಣ.

"ಭಾವ! ಇವನನ್ನು ಹೊಡೆದ್ರಾ?" ಅವನ ಕಣ್ಣು ದೊಡ್ಡದಾಗಿತ್ತು. ನಾನು ನಕ್ಷೆಗೆ ಸಹಿ ಹಾಕುವವನ ಗಾಂಭೀರ್ಯದಿಂದ ತಲೆಯಾಡಿಸಿದೆ. "ಎಂತಕ್ಕೆ?" ಎಂದ.

"ಎಂತಕ್ಕೆ ಅಂದ್ರೆ? ಒಳಗೆ ಹೋಗ್ಲಿಕ್ಕೆ."

"ಅಯ್ಯೋ ಮಾರಾಯ್ರೆ, ಸೇತುವೆಯ ಕೆಳಗೆ ದಾರಿ ಉಂಟಲ್ಲ! ಎಲ್ಲರೂ ಅದರಲ್ಲೇ ಹೋಗುದು. ಇವನ ಹತ್ರ ಯಾರೂ ಹೋಗುದೇ ಇಲ್ಲ. ನೀವು ಒಮ್ಮೆಯೂ ಬದಿಗೆ ನೋಡ್ಲಿಲ್ವಾ?"

ನೋಡಿರಲಿಲ್ಲ. ನೇರ ದಾರಿಯೊಂದು ಕಾಣುತ್ತಿರುವಾಗ ಬದಿಗೆ ನೋಡುವುದು ನನ್ನ ಕ್ರಮದಲ್ಲಿಲ್ಲ. ಆದರೂ ಯೋಧನನ್ನು ಬಾಗಿಲು ದಾಟಿಸಿ ಕೋಟೆಯ ಒಳಗೆ ನಿಲ್ಲಿಸಿದೆನಲ್ಲ, ಡೈರಿಯಲ್ಲಿ "ಗೆಲುವು" ಎಂದು ಬರೆದೆ. ಕೆಂಪು ಶಾಯಿ ಮುಗಿದಿದ್ದರಿಂದ ಪೆನ್ಸಿಲಿನಲ್ಲಿ.

ಇದಾದ ಮೇಲೆ ಬೆಟ್ಟಂಪಾಡಿಯಲ್ಲಿ ಭವ್ಯಳ ಕಡೆಯ ಒಂದು ಮದುವೆಗೆ ಹೋಗಿದ್ದೆವು. ಹಂತಿಯಲ್ಲಿ ಕೂತೆ. ಅಂದೂ ಹಲಸಿನ ಹಣ್ಣಿನ ಪಾಯಸವೇ, ಪರಿಮಳ ದೂರದಿಂದಲೇ ಬರುತ್ತಿತ್ತು. ಈ ಸಲ ತಡೆಯುವ ಯಾವ ಯೋಜನೆಯೂ ನನ್ನಲ್ಲಿರಲಿಲ್ಲ. ಎಲೆಯ ನಡುವೆ ಜಾಗ ಕೂಡ ಮಾಡಿಟ್ಟಿದ್ದೆ. ದೊಡ್ಡ ಮಾವ ಬಕೆಟ್ ಹಿಡಿದು ಒಬ್ಬೊಬ್ಬರ ಎದುರೂ ನಿಂತು, ಕ್ಷೇಮ ವಿಚಾರಿಸಿ, ಸೌಟು ಬಗ್ಗಿಸುತ್ತಾ ಬಂದರು. ನನ್ನ ಎಲೆಯ ಹತ್ತಿರ ಬಂದಾಗ ಕರುಣೆಯಿಂದ ಒಮ್ಮೆ ನೋಡಿ, "ಅಳಿಯಂದಿರಿಗೆ ಮಜ್ಜಿಗೆ ತನ್ನಿ, ಪಾಪ, ಈ ಪ್ರಾಯಕ್ಕೇ ಶುಗರು" ಎಂದು ಹಿಂದಿನವರಿಗೆ ಕೂಗಿ ಹೇಳಿದರು. "ಬಡಿಸಿ ಮಾವ" ಎನ್ನಲು ನಾನು ಬಾಯಿ ತೆರೆಯುವುದರೊಳಗೆ ಅವರು ನನ್ನ ಎಲೆಯನ್ನು ಬಳಸಿ ದಾಟಿ ಆಚೆಯವರ ಎದುರು ತಲುಪಿದ್ದರು. ಬದಿಯಲ್ಲಿ ದಾರಿ ಇತ್ತು.