ಅತ್ತೆಯ ಮುಂದೆ ಅತ್ತ ಅಳಿಯ

ಈ ಬೇಸಿಗೆ ರಜೆಗೆ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಚಿಕ್ಕಂದಿನಲ್ಲಿ ಮಾನ್ವಿಯ ನಮ್ಮ ಮನೆಯ ಡಬ್ಬಾ ಟಿ.ವಿ.ಯಲ್ಲಿ, ಹಿಂದಿ ಮಾತು ಹಾಕಿದ್ದ ಒಂದು ಜಪಾನಿ ಕಾರ್ಟೂನು ಬರುತ್ತಿತ್ತು. ಈಗಿನ ಹುಡುಗರು ಅದನ್ನೇ ಗೌರವದಿಂದ ‘ಅನಿಮೆ’ ಎನ್ನುತ್ತಾರೆ. ಅದನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ, ಅಪ್ಪಟ ಜಪಾನಿ ಭಾಷೆಯಲ್ಲಿ, ಒಂದು ಚೂರೂ ಮುಂದಕ್ಕೆ ಓಡಿಸದೆ ನೋಡಿ ಮುಗಿಸುವುದು!

“ನಿಮಗ ಜಪಾನಿ ಬರ್ತದೇನ್ರಿ?” ಎಂದಳು ನನ್ನ ಹೆಂಡತಿ ಯಶೋಧರಾ.

“ಕೆಳಗ ಇಂಗ್ಲಿಷ್‌ನ್ಯಾಗ ಬರ್ದಿರ್ತಾರ. ಬರೀದಿದ್ರೂ ಏನು? ಆ ಕತಿ ನನಗ ಬಾಯಿಪಾಠ ಅದ. ಕಣ್ಣು ಮುಚ್ಚಿ ಹೇಳ್ತೀನಿ.”

“ಕಣ್ಣು ಮುಚ್ಚಿ ಹೇಳೋದಾದ್ರ ಟಿ.ವಿ. ಯಾಕ ಬೇಕು? ಬಂದ್ ಮಾಡ್ರಿ, ಕೂಲರ್‌ಗೆ ನೀರು ಹಾಕ್ರಿ.”

ರಾಯಚೂರಿನ ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನನ್ನನ್ನು ಕಂಡರೆ ಹುಡುಗರು ಗಡಗಡ ನಡುಗುತ್ತಾರೆ. ಮನೆಯಲ್ಲಿ ಮಾತ್ರ ನಾನು ಕೂಲರಿಗೆ ನೀರು ಹಾಕುವ ಇಲಾಖೆಯ ಸಿಪಾಯಿ! ಹಾಕಿದೆ. ಹಾಕಿ ಬಂದು ರಿಮೋಟು ಹಿಡಿದೆ.

ಕತೆ ಹೀಗಿದೆ. ಹಾರು ಎಂಬ ಹುಡುಗ. ಅವನ ಅಜ್ಜ ಸಾಯುವ ಮೊದಲು ಒಂದು ಗಾಳಿಪಟ ಮಾಡಿಟ್ಟಿದ್ದಾನೆ. ಅದನ್ನು ಸಮುದ್ರದಂಡೆಯಲ್ಲಿ ಹಾರಿಸಬೇಕೆಂದು ಹಾರು ಬೆಟ್ಟಗುಡ್ಡ ದಾಟಿ ಹೊರಡುತ್ತಾನೆ. ಜೊತೆಗೆ ಯೂಕಿ ಎಂಬ ಬಿಳಿ ಆಡು. ಹಿಂದೆ ಒಬ್ಬ ಮುಖವಾಡದ ಖಳನಾಯಕ. ಇಷ್ಟೇ. ಆದರೆ ಇಷ್ಟಕ್ಕೇ ನಾನು ಬಾಲ್ಯವನ್ನೆಲ್ಲ ಒತ್ತೆ ಇಟ್ಟಿದ್ದೆ!

ಮೊದಲ ಕಂತು ನೋಡುತ್ತಿದ್ದಂತೆ ಎದೆ ತುಂಬಿ ಬಂತು. ಆಗ ನನಗೆ ಬೇಕಾಗಿದ್ದದ್ದು ಬರೀ ಹೊಡೆದಾಟ. ಈಗ ನೋಡಿದರೆ ಹೊಡೆದಾಟಕ್ಕಿಂತ ಮೋಡಗಳೇ ಚೆಂದ! ಯಾರೋ ಕೂತು ಕೈಯಿಂದ ಬಣ್ಣ ಹಚ್ಚಿದ ಮೋಡಗಳು. ಅವುಗಳಿಗೆ ಗಡಿಬಿಡಿಯೇ ಇಲ್ಲ. ಹಾರು ಓಡುವಾಗ ಅದೇ ಮರ ಮತ್ತೆ ಮತ್ತೆ ಬರುತ್ತದೆ. ಚಿಕ್ಕವನಿದ್ದಾಗ ಅದು ದೊಡ್ಡ ಕಾಡು ಎಂದುಕೊಂಡಿದ್ದೆ. ಈಗ ಗೊತ್ತಾಯಿತು, ಚಿತ್ರ ಬರೆಯುವವರ ಬಳಿ ಒಂದೇ ಮರ ಇತ್ತು ಎಂದು. ಪಾಪ, ಆ ಒಂದು ಮರದಲ್ಲೇ ನನಗೊಂದು ಕಾಡು ಕೊಟ್ಟರಲ್ಲ! ಹಾರು ಹೊರಡುವಾಗ ಅವನ ತಾಯಿ ಬಾಗಿಲಲ್ಲಿ ನಿಂತು ಬುತ್ತಿ ಕಟ್ಟಿಕೊಡುವ ದೃಶ್ಯವಂತೂ ನನಗೆ ನೆನಪೇ ಇರಲಿಲ್ಲ. ಈಗ ಅಲ್ಲೇ ತಡೆದು ತಡೆದು ನೋಡಿದೆ.

“ಇನ್ನೂ ಮುಂದ ಬರ್ತದ ನೋಡು,” ಎಂದು ಹೆಂಡತಿಗೆ ಆಸೆ ಹುಟ್ಟಿಸಿದೆ. “ಬೆಟ್ಟದ ಮ್ಯಾಲ ಒಬ್ಬಾಕಿ ಮುದುಕಿ ಆಯಿ ಇರ್ತಾಳ. ಹಾರೂಗ ಗಂಜಿ ಕುಡಸ್ತಾಳ. ಆಮ್ಯಾಲ ಮಂಡಾಳ ವಗ್ಗರಣಿ ಮಾಡಿ ಕೊಡ್ತಾಳ. ಆಹಾ, ಏನ್ ಮುಖ ಅಂತಿ! ನರೆತ ತುರುಬು, ಮೂಗಿನ್ಯಾಗ ನತ್ತು...”

“ಜಪಾನಿನ ಆಯಿಗೆ ನತ್ತು?”

“ಅದು ಹಳೀ ಕಾಲದ ಜಪಾನು!”

“ಮಂಡಾಳ ವಗ್ಗರಣಿನೂ ಹಳೀ ಕಾಲದ್ದೇನು?”

ನಾನು ಟಿ.ವಿ.ಯ ಸದ್ದು ಜೋರು ಮಾಡಿದೆ. ಜಪಾನಿನಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ತಿನ್ನುತ್ತಾರೆಂದು ನಾನು ತರಗತಿಯಲ್ಲೇ ಪಾಠ ಮಾಡಿದವನು. ಹೆಂಡತಿಯ ಮುಂದೆ ಹೊಸದಾಗಿ ಸಾಕ್ಷಿ ಯಾಕೆ ಕೊಡಬೇಕು?

ಈ ನಡುವೆ ದೇವದುರ್ಗದಿಂದ ನಮ್ಮತ್ತೆ ಮಾನಮ್ಮನವರು ಬಂದರು. ಒಂದು ಕಣ್ಣಿನ ಪೊರೆ ತೆಗೆಸುವುದಿತ್ತು. ಇನ್ನೊಂದು ಕಣ್ಣು ಮೊದಲೇ ಮಬ್ಬು. ಆಪರೇಷನ್ ಸುಸೂತ್ರವಾಯಿತು. ಕಪ್ಪು ಕನ್ನಡಕ ಏರಿಸಿಕೊಂಡು ಅತ್ತೆ ನಮ್ಮ ಸೋಫಾದ ಮೇಲೆ ಪಾಳೇಗಾರರಂತೆ ಕೂತರು. ಡಾಕ್ಟರರ ಕಟ್ಟುನಿಟ್ಟು: ಬಗ್ಗಬಾರದು, ಕಣ್ಣು ಉಜ್ಜಬಾರದು, ಸದ್ಯಕ್ಕೆ ಟಿ.ವಿ. ನೋಡಬಾರದು.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಯಶೋಧರಾ ಡ್ಯೂಟಿಗೆ ಹೊರಡುವ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು ಇನ್ನೊಂದು ಕಲಮು ಸೇರಿಸಿದಳು. “ನಮ್ಮವ್ವ ಬಾಳ ಮೆತ್ತಗ. ಸಾಬೂನಿನ ಜಾಹೀರಾತು ನೋಡಿದ್ರೂ ಕಣ್ಣೀರು ಹಾಕ್ತಾಳ. ಅತ್ತು ಅತ್ತು ಕಣ್ಣು ಉಜ್ಜಿಕೊಂಡಳಂದ್ರ ನೀವೇ ಜವಾಬ್ದಾರಿ. ಆಕಿ ಅಳಲಾರದಂಗ ನೋಡ್ಕೊಳ್ರಿ!”

“ನಾನಿದ್ದೀನಲ್ಲ!” ಎಂದು ಎದೆ ಬಡಿದುಕೊಂಡೆ.

ಮಧ್ಯಾಹ್ನ ಕೂಲರಿನ ಎದುರು ಅತ್ತೆ ಮತ್ತು ಅಳಿಯ. ನಾನು ಸದ್ದು ಸಣ್ಣಗೆ ಮಾಡಿ ಹಾರೂನನ್ನು ಹಚ್ಚಿದೆ.

“ಅಳಿಯಂದ್ರ, ಯಾರ್ರಿ ಅದು ಕಿಚಿಪಿಚಿ ಮಾತಾಡಾಕತ್ತಿದ್ದು?”

“ಜಪಾನಿನ ಹುಡುಗ್ರೀ ಅತ್ತಿ. ಹಾರು ಅಂತ.”

“ಹಾರು ಅಂದ್ರ ಹಾರಿಬಿಡ್ತಾನೇನು?”

“ಅವ ಹಾರಂಗಿಲ್ರಿ, ಪಟ ಹಾರಸ್ತಾನ.”

“ಹೇಳ್ರಿ ಮತ್ತ ಕತಿ. ನನಗರ ಏನ್ ಕೆಲಸ ಅದ?”

ಶುರುವಾಯಿತು ನನ್ನ ಕಥಾಕಾಲಕ್ಷೇಪ! ನೋಡುವವನು ನಾನು, ಕೇಳುವವರು ಅತ್ತೆ. ಹಾರು ಬೆಟ್ಟ ಹತ್ತಿದರೆ ಅತ್ತೆ “ನಿಧಾನ್ಕ ಯಪ್ಪಾ” ಎನ್ನುವರು. ಮುಖವಾಡದವನು ಬಂದರೆ “ಇವನ ಮಾರಿಗಿಷ್ಟು ಬೆಂಕಿ ಹಾಕ” ಎನ್ನುವರು. ಆಡು ‘ಮ್ಯಾ’ ಎಂದರೆ ಸಾಕು, “ಹಸದದ ಪಾಪ” ಎನ್ನುವರು. ದೇವದುರ್ಗದಲ್ಲಿ ಅವರಿಗೂ ಆಡುಗಳಿವೆ. ಯೂಕಿ ಎಂದರೆ ಜೀವ ಬಿಡತೊಡಗಿದರು.

“ಈ ಆಡಿಗೆ ಏನೂ ಆಗಂಗಿಲ್ಲಲ್ರಿ? ಆಗ್ತದಂದ್ರ ಈಗಲೇ ಹೇಳಿಬಿಡ್ರಿ. ನಾ ಒಳಗ ಹೋಗಿ ಮಲಗ್ತೀನಿ.”

“ಏನಾಗ್ತದ್ರೀ ಅತ್ತಿ! ಸೇತುವಿ ಮ್ಯಾಲಿಂದ ಹೊಳಿಗೆ ಬೀಳ್ತದ, ಈಜಿ ದಂಡಿಗೆ ಬರ್ತದ. ಆಯಿ ಅದನ್ನ ಎತ್ತಿಕೊಂಡು ಹೋಗಿ ಕಾಲಿಗೆ ಪಟ್ಟಿ ಕಟ್ತಾಳ. ನಾ ಗ್ಯಾರಂಟಿ!”

ಮರುದಿನ ಆ ಕಂತು ಬಂತು. ಹಗ್ಗದ ಸೇತುವೆ ಹರಿಯಿತು. ಯೂಕಿ ಹೊಳೆಗೆ ಬಿತ್ತು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು, ಈಗ ಈಜುತ್ತದೆ ನೋಡಿ ಎಂದು ಕಾದೆ. ಈಜಲಿಲ್ಲ! ಹೊಳೆ ಅದನ್ನು ದಂಡೆಗೆ ತಂದು ಹಾಕಿತು. ಹಾರು ಓಡಿ ಬಂದು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಅದು ಅವನ ಕೈ ನೆಕ್ಕಿತು. ಸಣ್ಣಗೆ ಒಮ್ಮೆ ‘ಮ್ಯಾ’ ಎಂದಿತು. ಮತ್ತೆ ಎನ್ನಲಿಲ್ಲ. ಹಾರು ಒಬ್ಬನೇ ಕೈಯಿಂದ ಮಣ್ಣು ತೋಡತೊಡಗಿದ.

ನಾನು ಲುಂಗಿಯ ಚುಂಗು ಬಾಯಿಗೆ ತುರುಕಿದರೂ ಬಿಕ್ಕು ಹೊರಬಿತ್ತು. ಅತ್ತೆಯನ್ನು ಅಳದಂತೆ ನೋಡಿಕೊಳ್ಳಲು ನೇಮಕವಾದ ಅಳಿಯ ಅತ್ತೆಯ ಮುಂದೆ ತಾನೇ ಅತ್ತ!

“ಏನಾತ್ರೀ?” ಅತ್ತೆಯ ಕೈ ಕನ್ನಡಕದ ಕಡೆ ಹೋಯಿತು.

ನನ್ನ ಜೀವ ಹಾರಿತು. “ಬದುಕ್ತು ಅತ್ತಿ, ಬದುಕ್ತು! ಈಜಿ ಬಂತು! ಆಯಿ ಬಂದಳು, ಎತ್ತಿಕೊಂಡು ಹೋದಳು. ಖುಷಿಗೆ ನನಗ ಕಣ್ಣಾಗ ನೀರು ಬಂತು.”

ಅತ್ತೆ ಮೆಲ್ಲಗೆ ಕೈ ಕೆಳಗಿಳಿಸಿ, “ಬಾಳ ಚಲೋ ಆತು ಬಿಡ್ರಿ,” ಎಂದರು.

ನಾನು ಹಿತ್ತಲಿಗೆ ಓಡಿ ಮಾನ್ವಿಯಲ್ಲಿರುವ ಅಕ್ಕನಿಗೆ ಫೋನು ಹಚ್ಚಿದೆ. ನಮ್ಮಕ್ಕ ಶಶಿಕಲಾ ಶಾಲೆಯ ಹೆಡ್‌ಮೇಡಂ. ಅವಳ ಎದುರು ಸುಳ್ಳು ಹೇಳುವ ಮಗು ಇನ್ನೂ ಹುಟ್ಟಿಲ್ಲ.

“ಅಕ್ಕಾ, ಯೂಕಿ ಸತ್ತದ!”

“ಅಯ್ಯ! ಯಾರೋ? ನಿಮ್ಮ ಕಾಲೇಜಿನವರೇನು? ಮಣ್ಣು ಯಾವಾಗಂತ?”

“ಆಡು ಅಕ್ಕಾ! ಹಾರೂನ ಆಡು!”

ಅತ್ತ ಕಡೆಯಿಂದ ನಗು ಕೇಳಿಸಿತು. “ಅದು ಸತ್ತು ಎಷ್ಟು ವರ್ಷ ಆತೋ ಆನಂದ! ನಿನಗ ಈಗ ಸುದ್ದಿ ಮುಟ್ಟಿತೇನು?”

“ನಿನಗ ಗೊತ್ತಿತ್ತು?”

“ಸತ್ತಾರ್ ಸಾಬರ ರಿಪೇರಿ ಅಂಗಡ್ಯಾಗ ಬ್ಯಾಟ್ರಿ ಮ್ಯಾಲ ಟಿ.ವಿ. ನಡೀತಿತ್ತಲ್ಲ, ಅಲ್ಲಿ ನಿಂತು ನೋಡಿದೆ. ಸಾಬರೂ ಅತ್ತರು, ನಾನೂ ಅತ್ತೆ. ಮನಿಗೆ ಬಂದ್ರ ನೀ ಹಾಸಿಗ್ಯಾಗ ಇದ್ದಿ. ಟೈಫಾಯ್ಡ್ ಬಂದು ಕಡ್ಡಿ ಆಗಿದ್ದಿ. ಯವ್ವ ಗಂಜಿ ಹಿಡಕೊಂಡು ಕುಂತಿದ್ದಳು, ನೀ ಬಾಯಿ ತೆರೀವಲ್ಲಿ. ‘ಅಕ್ಕಾ, ಆಡು ಬದುಕ್ತಾ?’ ಅಂದಿ. ಸತ್ತದ ಅಂತ ಹೆಂಗ ಹೇಳಲೋ? ಒಬ್ಬಾಕಿ ಆಯಿ ಬಂದು ಎತ್ತಿಕೊಂಡು ಹೋದಳು, ಹಾರೂಗೂ ಆಡಿಗೂ ಗಂಜಿ ಕುಡಿಸಿದಳು ಅಂದೆ. ನೀ ಎದ್ದು ಕುಂತು ಬಟ್ಟಲ ಖಾಲಿ ಮಾಡಿದಿ.”

ನನಗೆಲ್ಲ ನೆನಪಾಯಿತು. ಇಡೀ ರಾಜ್ಯಕ್ಕೆ ಕರೆಂಟು ಮಾಡಿ ಕಳಿಸುವ ಜಿಲ್ಲೆ ನಮ್ಮದು. ನಮ್ಮ ಓಣಿಯಲ್ಲಿ ಮಾತ್ರ ಸರಿಯಾಗಿ ಕಾರ್ಟೂನಿನ ಹೊತ್ತಿಗೇ ಕತ್ತಲು! ಆ ಕತ್ತಲಲ್ಲಿ ಕತೆ ಹೇಳುತ್ತಿದ್ದವಳು ಅಕ್ಕ.

“ಮುಂದಿನ ಕಂತಿನ್ಯಾಗ ಆಡು ಕಾಣ್ಲಿಲ್ಲ ಅಂದ್ರ ಆಯಿ ಮನ್ಯಾಗ ಅದ ಅಂತಿದ್ದಿ...”

“ಮತ್ತೇನು! ಡಾಕ್ಟರು ಮಂಡಾಳು ತಿನ್ನಸ್ರಿ ಅಂದ ದಿನ ಹಾರೂಗೂ ಮಂಡಾಳು ತಿನ್ನಿಸಿದೆ.”

“ಆ ಆಯಿ?”

“ನೀರಮಾನ್ವಿಯ ನಮ್ಮ ಆಯಿನೇ, ಯವ್ವನ ಅವ್ವ. ಜಪಾನಿನ ಆಯಿ ಹೆಂಗಿರ್ತಾಳ ನನಗೇನ್ ಗೊತ್ತು?”

ನಾನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಕಾರ್ಟೂನಿನಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವಳು ಆ ಆಯಿ. ಅವಳು ಆ ಕಾರ್ಟೂನಿನಲ್ಲೇ ಇಲ್ಲ! ಲಂಗ ಉಡುವ ವಯಸ್ಸಿನ ಹುಡುಗಿಯೊಬ್ಬಳು, ತಾನು ಅತ್ತು ಮುಗಿಸಿ, ಮುಖ ತೊಳೆದು ಬಂದು, ನನ್ನ ಹಾಸಿಗೆಯ ಪಕ್ಕ ಕೂತು ಆಕೆಯನ್ನು ಮಾಡಿದ್ದಳು. ಜಪಾನಿನವರು ಒಂದು ಮರದಿಂದ ಕಾಡು ಮಾಡಿದರೆ, ನಮ್ಮಕ್ಕ ಏನೂ ಇಲ್ಲದೆ ಒಂದು ಆಯಿಯನ್ನೇ ಮಾಡಿ ನನ್ನನ್ನು ಉಳಿಸಿಕೊಂಡಿದ್ದಳು.

“ಅಕ್ಕಾ...” ಎಂದು ಮೂಗು ಸೊರ್ ಎಂದು ಎಳೆದೆ.

“ಅಳಬ್ಯಾಡೋ, ಕಾಲೇಜಿನ ಮಾಸ್ತರ ನೀ.”

“ಅದಲ್ಲ... ನಾನೂ ಅತ್ತಿಗೆ ಆಡು ಬದುಕ್ಯದ ಅಂದುಬಿಟ್ಟೀನಿ. ಈಗೇನ್ ಮಾಡಲಿ?”

“ಮದುವಿ ಮಾಡು.”

“ಯಾರಿಗೆ?”

“ಆಡಿಗೋ! ನಾನೂ ಅದನ್ನೇ ಮಾಡಿದ್ದೆ. ಮದುವಿ ಮಾಡಿಬಿಟ್ರ ಯಾರೂ ಹೆಚ್ಚು ಕೇಳಂಗಿಲ್ಲ.”

ಮದುವೆ ಮಾಡಿದೆ. ಆದರೆ ನಮ್ಮತ್ತೆ ಮದುವೆಗೆ ಸುಮ್ಮನಾಗುವವರಲ್ಲ! “ಮುಂದ ಏನರ ವಿಶೇಷ?” ಎಂದು ದಿನಾ ಕೇಳತೊಡಗಿದರು. ಬೇರೆ ದಾರಿ ಕಾಣದೆ ಬಸುರಿ ಮಾಡಿಸಿದೆ, ಮರಿ ಹಾಕಿಸಿದೆ. ಟಿ.ವಿ.ಯಲ್ಲಿ ಹಾರು ಹಿಮದಲ್ಲಿ ಒಂಟಿಯಾಗಿ ನಡೆಯುತ್ತಿದ್ದರೆ ನಾನು ಇತ್ತ ಬಾಣಂತನ ಮಾಡುತ್ತಿದ್ದೆ. ಅತ್ತೆ ಅದನ್ನು ಮೆಟ್ಟಿಲ ಮೇಲೆ ಕೂತು ಮಹಡಿಯ ತಹಸೀನ್ ಅವರಿಗೆ ಹೇಳಿದರು. ಸಂಜೆ ತಹಸೀನ್ ಸ್ಟೀಲಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದರು.

“ಸರ್, ನಿಮ್ಮ ಮನ್ಯಾಗ ಆಡು ಈದದಂತಲ್ರಿ? ಮಗಳ ಕೂಸಿಗೆ ಒಂದೀಟು ಹಾಲು ಬೇಕಾಗಿತ್ತು.”

ಡ್ಯೂಟಿಯಿಂದ ಆಗತಾನೆ ಬಂದ ಯಶೋಧರಾ ನನ್ನನ್ನೇ ದುರುಗುಟ್ಟಿ ನೋಡಿದಳು. “ಯಾವ ಆಡ್ರಿ?”

“ಜಪಾನಿಂದು,” ಎಂದೆ. ತಹಸೀನ್ ಖಾಲಿ ತಂಬಿಗೆಯನ್ನೂ ನನ್ನನ್ನೂ ನೋಡಿ ಮೆಟ್ಟಿಲು ಹತ್ತಿದರು.

ಯಶೋಧರಾಳಿಗೆ ವಾರದ ರಜೆ ಇದ್ದ ದಿನ ಕತೆ ಕೈಮೀರಿತು. ಅವಳೂ ಬಂದು ಟಿ.ವಿ. ಎದುರು ಕೂತಳು. ನಾನು ಕೂಲರಿಗೆಂದು ತುಂಬಿದ ಬಕೆಟ್ ಎತ್ತಿಕೊಂಡು ಬರುತ್ತಿದ್ದೆ. ಅದೇ ಹೊತ್ತಿಗೆ ಹಾರು ತಿರುಗಿ ಹೊಳೆದಂಡೆಗೆ ಬಂದು, ಒಂದು ಕಲ್ಲಿಗೆ ಆಡಿನ ಗಂಟೆ ಕಟ್ಟಬೇಕೆ!

“ಅಯ್ಯ ಪಾಪ,” ಯಶೋಧರಾ ಇಂಗ್ಲಿಷ್ ಓದಿಕೊಂಡು ಶುರುಮಾಡಿದಳು, “ಇದು ಯೂಕಿಯ ಸಮಾ...”

“ಸಮಾಚಾರ!” ಎಂದು ಕಿರುಚಿ ನಾನು ಬಕೆಟ್ ಸಮೇತ ಜಿಗಿದೆ. “ಯೂಕಿಯ ಸಮಾಚಾರ ತಿಳಕೊಳ್ಳಾಕ ಬಂದಾನ!” ಕಾಲು ಜಾರಿತು. ಬಕೆಟ್ ಒಂದು ಕಡೆ, ನಾನೊಂದು ಕಡೆ. ತುಂಗಭದ್ರೆ ಚೀಕಲಪರ್ವಿಯ ದಂಡೆ ಬಿಟ್ಟು ನಮ್ಮ ನಡುಮನೆಗೇ ಬಂದಂತೆ ನೀರು ಹರಿಯಿತು. ಅತ್ತೆ ಮಾತ್ರ ಸೋಫಾದ ಮೇಲೆ ಕಾಲು ಎತ್ತಿ ಕೂತು, “ಹಾರು ಬಿದ್ನೇನ್ರಿ?” ಎಂದರು.

“ಇಲ್ಲವ್ವಾ, ನಿನ್ನ ಅಳಿಯ ಬಿದ್ದ,” ಎಂದಳು ಮಗಳು. ಎಬ್ಬಿಸುವ ನೆಪದಲ್ಲಿ ಬಗ್ಗಿದವಳ ಕಿವಿಯಲ್ಲಿ ನಾನು ಎಲ್ಲ ಉಸುರಿದೆ. ಅವಳು ಬೈಯಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ನೆಲ ಒರೆಸಿದಳು. ನಗುತ್ತಿದ್ದಳೋ ಏನೋ, ಭುಜಗಳು ಕುಣಿಯುತ್ತಿದ್ದವು.

ಅತ್ತೆಯ ಕಣ್ಣು ತಿಳಿಯಾಯಿತು. ಟಿ.ವಿ. ನೋಡಲು ಡಾಕ್ಟರರ ಅಪ್ಪಣೆಯೂ ಸಿಕ್ಕಿತು. ನನಗೆ ಉಳಿದಿದ್ದದ್ದು ಕೊನೆಯ ಕಂತು. ಅತ್ತೆಯನ್ನು ಮಾತಾಡಿಸಲು ಅಕ್ಕನೂ ಮಾನ್ವಿಯಿಂದ ಬಂದಿದ್ದಳು. ಎಲ್ಲರೂ ಸಾಲಾಗಿ ಕೂತರು. ಅತ್ತೆ ಕನ್ನಡಕ ತೆಗೆದು ನೆಟ್ಟಗೆ ಟಿ.ವಿ. ನೋಡಿದರು. ಹಾರು ಸಮುದ್ರದಂಡೆಗೆ ಬಂದ. ಪಟ ಮೇಲೇರಿತು. ಏರಿತು, ಏರಿತು, ಆ ಕೈಬಣ್ಣದ ಮೋಡಗಳಲ್ಲಿ ಒಂದು ಚುಕ್ಕೆಯಾಯಿತು. ಹಾರೂನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಇನ್ನು ತಡೆಯಲಾಗಲಿಲ್ಲ. “ಅತ್ತಿ, ತಪ್ಪಾತ್ರಿ,” ಎಂದೆ. “ಆಡು ಬದುಕಿಲ್ರಿ. ಅವತ್ತೇ ಸತ್ತದ. ಮದುವಿ, ಮರಿ ಎಲ್ಲಾ ಸುಳ್ಳು. ನೀವು ಅಳಬಾರದಂತ...”

ಅತ್ತೆ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. “ಗೊತ್ತದ ಬಿಡ್ರಿ.”

“ಗೊತ್ತದ?!”

“ಆಪರೇಷನ್ ಆಗಿದ್ದು ಕಣ್ಣಿಗೆ ಅಳಿಯಂದ್ರ, ಕಿವಿಗಲ್ಲ. ಆಡು ಒಮ್ಮಿ ಒದರಿ ಸುಮ್ಮನಾತು. ನೀವು ಬಿಕ್ಕಿ ಬಿಕ್ಕಿ ಅಳಾಕತ್ತಿದ್ರಿ. ನಂಬಲಿಲ್ಲಂದ್ರ ಇನ್ನೂ ಜೋರ ಅತ್ತೀರಿ ಅಂತ ನಂಬಿದಂಗ ಮಾಡಿದೆ. ದಿನಾ ಆಡಿನ ಸುದ್ದಿ ಹೇಳೂ ಮುಂದ ನಿಮ್ಮ ದನಿ ಗೆಲುವಾಗ್ತಿತ್ತು. ಅದಕ್ಕ ನಾನೂ ಕೇಳಕೋತ ಹೋದೆ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಯಶೋಧರಾಳ ಕಡೆ ನೋಡಿದೆ. ಅವಳು ಸೀಲಿಂಗ್ ಫ್ಯಾನು ನೋಡುತ್ತಿದ್ದಳು.

ಅತ್ತೆ ನನ್ನ ಕೈ ಮೇಲೆ ಕೈ ಇಟ್ಟು ಹೇಳಿದರು: “ನಾ ಮೊದಲೇ ಎಚ್ಚರ ಇದ್ದೆ ಬಿಡ್ರಿ. ಮೊದಲ ದಿನ ಡ್ಯೂಟಿಗೆ ಹೋಗೂ ಮುಂದ ನನ್ನ ಮಗಳು ಹೇಳಿ ಹೋಗಿದ್ದಳು: ‘ಯವ್ವಾ, ನಿನ್ನ ಅಳಿಯ ಬಾಳ ಮೆತ್ತಗ. ಆ ಕಾರ್ಟೂನ್ ನೋಡಿದ್ರ ಅಳ್ತಾರ. ಸ್ವಲ್ಪ ಅಳಲಾರದಂಗ ನೋಡ್ಕೊ!’”