ಉಸ್ತಾ ವಗ್ದಿಯ ಹ್ಯಾಂಡ್‌ಬ್ರೇಕು

ವಗ್ದಿಯ ಪ್ರಕಾರ ಅಮೆರಿಕದವರಿಗೆ ಚಂದ್ರನ ಮೇಲೆ ಇಳಿಯಲು ಬರುತ್ತದೆ, ಕಾರು ನಿಲ್ಲಿಸಲು ಬರುವುದಿಲ್ಲ. ಈ ಮಾತನ್ನು ಅವನು ಜೆರ್ಸಿ ಸಿಟಿಯ ತನ್ನ ಅಡುಗೆಮನೆಯಲ್ಲಿ ಕೂತು, ಹೊಸದಾಗಿ ಬಂದ ದಂಡದ ಚೀಟಿಯನ್ನು ಟೀ ಲೋಟದ ಕೆಳಗೆ ಹಾಸಿಕೊಂಡು ಹೇಳಿದ. (ಚೀಟಿ ಒಳ್ಳೆಯ ದಪ್ಪ ಕಾಗದದ್ದು. ಅದೊಂದನ್ನು ಅವನು ಒಪ್ಪುತ್ತಿದ್ದ.)

“ಈ ಸಲ ಏನಂತೆ?” ಹೆಂಡತಿ ನಿವೀನ್ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾ ಕೇಳಿದಳು.

“ಕಾರಿನ ಮುಖ ಉಲ್ಟಾ ಕಡೆ ಇತ್ತಂತೆ. ನಿಂತಿರೋ ಕಾರು ಕಣೇ! ಅದು ಯಾವ ಕಡೆ ನೋಡ್ತಾ ನಿಂತ್ರೆ ಇವರಿಗೇನು?”

“ಹೋದ ಸಲ?”

“ಬೀದಿ ಗುಡಿಸೋ ದಿನ ಅಂತೆ. ಅವರು ಗುಡಿಸ್ತಾರೆ ಅಂತ ನಾನು ಕಾರು ಎತ್ಕೊಂಡು ಓಡಬೇಕಂತೆ. ನಮ್ಮ ಶುಬ್ರಾದಲ್ಲಿ ಗುಡಿಸೋನು ಕಾರಿನ ಸುತ್ತ ಗುಡಿಸಿ, ಮೇಲೆ ಗಾಜನ್ನೂ ಒರೆಸಿ ಹೋಗ್ತಿದ್ದ.”

“ಅದಕ್ಕೂ ಮುಂಚಿಂದು?”

ವಗ್ದಿ ಟೀ ಕುಡಿದ. ಬಿಸಿಯಾಗಿತ್ತು. ಆದರೂ ಕುಡಿದ.

ಕೈರೋದ ಶುಬ್ರಾ ಬಡಾವಣೆಯಲ್ಲಿ ವಗ್ದಿ ಅರ್ಧ ಆಯುಷ್ಯ ಟ್ಯಾಕ್ಸಿ ಓಡಿಸಿದವನು. ಅಲ್ಲಿ ಎಲ್ಲರೂ ಅವನನ್ನು ‘ಉಸ್ತಾ’ ಎನ್ನುತ್ತಿದ್ದರು. ಕೆಲಸ ಬಲ್ಲವನಿಗೆ ಮಾತ್ರ ಸಿಗುವ ಮರ್ಯಾದೆ ಅದು. ಲಾಟರಿಯಲ್ಲಿ ವೀಸಾ ಬಂದು ಇಲ್ಲಿಗೆ ಬಂದ ಮೇಲೆ ಬೇಕರಿಯಲ್ಲಿ ರೊಟ್ಟಿ ಸುಡುತ್ತಾನೆ. ಈಗ ಅವನನ್ನು ಉಸ್ತಾ ಎನ್ನುವವಳು ನಿವೀನ್ ಒಬ್ಬಳೇ, ಅದೂ ಅಣಕಕ್ಕೆ. ಹಳೆಯ ವೈಭವದ ನೆನಪಿಗೆ ಇರುವುದು ಇಲ್ಲಿ ಕೊಂಡ ಒಂದು ಬೂದು ಬಣ್ಣದ ಕಾರು. ಅದಕ್ಕೆ ಕೈಯಿಂದ ಹಾಕುವ ಗೇರು. ಈ ದೇಶದಲ್ಲಿ ಅಂಥ ಕಾರು ಯಾರಿಗೂ ಬೇಡ, ಹಾಗಾಗಿ ವಗ್ದಿಗೆ ಸಿಕ್ಕಿತು. ಗೇರು ಇಲ್ಲದ ಕಾರು ಓಡಿಸುವುದೆಂದರೆ ಅವನ ದೃಷ್ಟಿಯಲ್ಲಿ ಸೋಫಾ ಮೇಲೆ ಕೂತ ಹಾಗೆ.

ನಿವೀನ್ ಕೈ ಒರೆಸಿಕೊಂಡಳು. “ಕೇಳು ವಗ್ದಿ. ಮುಂದಿನ ಶುಕ್ರವಾರ ನಮ್ಮ ಸಮೀಹ್ ಅಣ್ಣ ಬರ್ತಾನೆ. ಅವನನ್ನ ಏರ್‌ಪೋರ್ಟಿಂದ ಕರ್ಕೊಂಡು ಬರೋದ್ರೊಳಗೆ ಇನ್ನೊಂದು ಚೀಟಿ ಬಂತೋ, ಕೀಲಿ ನನ್ನ ಕೈಗೆ. ಆಮೇಲೆ ನೀನು ಹಿಂದಿನ ಸೀಟು.”

ಸಮೀಹ್ ಎಂದರೆ, ಹಿಂದೊಮ್ಮೆ ಅವನ ಟ್ಯಾಕ್ಸಿಯಲ್ಲಿ ಕೂತು, ಅರ್ಧ ದಾರಿಯಲ್ಲಿ “ನಾನು ನಡ್ಕೊಂಡೇ ಬರ್ತೀನಿ” ಎಂದು ಇಳಿದು ಹೋದ ಭಾವಮೈದುನ. ಅವನ ಎದುರು ಹಿಂದಿನ ಸೀಟೇ?

“ಚೀಟಿ ಬರಬಾರ್ದು, ಅಷ್ಟೇ ತಾನೆ?” ಎಂದ ವಗ್ದಿ. “ಒಪ್ಪಿದೆ. ನಿಯಮ ಪಾಲಿಸ್ತೀನಿ ಅಂತ ಮಾತ್ರ ನಾನು ಹೇಳಿಲ್ಲ, ನೆನಪಿರಲಿ.”

ಅವನ ಲೆಕ್ಕ ಸರಳ. ಚೀಟಿ ಏಕೆ ಬರುತ್ತದೆ? ಯಾರೋ ದೂರು ಕೊಡುತ್ತಾರೆ. ಏಕೆ ಕೊಡುತ್ತಾರೆ? ಅವರ ಕಾರಿಗೆ ಅಡ್ಡ ನಿಂತದ್ದಕ್ಕೆ. ಇದಕ್ಕೆ ಕೈರೋದಲ್ಲಿ ಯಾವಾಗಲೋ ಮದ್ದು ಕಂಡುಹಿಡಿದಾಗಿದೆ. ಜಾಗ ಇಲ್ಲದಿದ್ದರೆ ಬೇರೆ ಕಾರಿನ ಪಕ್ಕಕ್ಕೆ ಅಡ್ಡ ನಿಲ್ಲಿಸಿ. ಆದರೆ ಗೇರು ತೆಗೆದು, ಹ್ಯಾಂಡ್‌ಬ್ರೇಕು ಬಿಟ್ಟು ಹೋಗಿ. ಒಳಗೆ ಸಿಕ್ಕಿಕೊಂಡವನು ಹೊರಗೆ ಬರಬೇಕಾದರೆ ನಿಮ್ಮ ಕಾರನ್ನು ಮೆಲ್ಲಗೆ ತಳ್ಳಿ ಹೋಗುತ್ತಾನೆ. ಶುಬ್ರಾದ ಬೀದಿಗಳಲ್ಲಿ ಹ್ಯಾಂಡ್‌ಬ್ರೇಕು ಎಳೆದು ಹೋಗುವವನನ್ನು ಜನ ಜಿಪುಣ ಎನ್ನುತ್ತಾರೆ.

ಮಾರನೆಯ ದಿನ ಬೇಕರಿಯಿಂದ ಬಂದವನೇ ಪಕ್ಕದ ಮನೆಯ ಡೊಲೊರೆಸ್ ಮುದುಕಿಯ ಕಾರಿಗೆ ಅಡ್ಡ ನಿಲ್ಲಿಸಿ ಊಟಕ್ಕೆ ಕೂತ. ಎರಡು ತುತ್ತು ಇಳಿಯುವಷ್ಟರಲ್ಲಿ ಕೆಳಗೆ ಹಾರ್ನು. ಕಿಟಕಿಯಿಂದ ನೋಡಿದರೆ ಡೊಲೊರೆಸ್ ಒಂದು ಕೈ ಹಾರ್ನಿನ ಮೇಲಿಟ್ಟು, ಇನ್ನೊಂದರಲ್ಲಿ ಫೋನು ಹಿಡಿದಿದ್ದಾಳೆ.

“ತಳ್ಳಿ ಮದಾಂ, ತಳ್ಳಿ!” ವಗ್ದಿ ಕೂಗಿದ.

“ಏನು? ನಾನು ತಳ್ಳಬೇಕಾ? ಪೊಲೀಸರೇ ಬಂದು ತಳ್ಳಲಿ ತಾಳು!”

ವಗ್ದಿ ಚಪ್ಪಲಿ ಅದಲು ಬದಲು ಹಾಕಿಕೊಂಡು ಕೆಳಗೆ ಓಡಿದ. ಕಾರಿನ ಹಿಂದೆ ನಿಂತು ಎರಡು ಬೆರಳು ಇಟ್ಟ. ಕಾರು ಮದುವಣಗಿತ್ತಿಯ ಹಾಗೆ ನಿಧಾನವಾಗಿ ಮುಂದೆ ಹೋಯಿತು. ಮತ್ತೆ ಮುಂದೆ ಹೋಗಿ ಹಿಂದಕ್ಕೆ ತಳ್ಳಿದ. ಬಂತು.

ಡೊಲೊರೆಸ್ ಫೋನು ಚೀಲಕ್ಕೆ ಹಾಕಿದಳು. “ತಾಳು ಮಗಾ, ನಾನೊಂದು ಸಲ.”

ಮೊಣಕಾಲು ನೋವಿನ ಮುದುಕಿ, ಹಾಲಿನ ಕ್ಯಾನು ಎತ್ತಲೂ ಮೊಮ್ಮಗಳನ್ನು ಕರೆಯುವವಳು, ಒಂದು ಇಡೀ ಕಾರನ್ನು ತಳ್ಳಿಬಿಟ್ಟಳು. ಅವಳ ಮುಖ ನೋಡಬೇಕಿತ್ತು. ಅಲ್ಲಿಂದ ಮುಂದೆ ಅವಳು ಅಗತ್ಯ ಇರಲಿ ಬಿಡಲಿ, ಸಂಜೆ ಹೊರಗೆ ಬಂದು ವಗ್ದಿಯ ಕಾರನ್ನು ಒಂದಿಷ್ಟು ತಳ್ಳಿ, ಸೊಂಟದ ಮೇಲೆ ಕೈ ಇಟ್ಟು ನಿಂತು ಒಳಗೆ ಹೋಗುತ್ತಿದ್ದಳು. ಎದುರು ಮನೆಯ ರೊಹೆಲಿಯೊ ಕೂಡ ಕಲಿತ. ಅವನು ಫಿಲಿಪೀನ್ಸಿನವನು, ಆಸ್ಪತ್ರೆಯಲ್ಲಿ ನರ್ಸು. “ವಗ್ದಿ ಅಣ್ಣಾ, ರೋಗಿನ ಹೊರಳಿಸೋದಕ್ಕಿಂತ ಇದು ಸುಲಭ” ಎಂದ.

“ನೋಡಿದ್ಯಾ?” ವಗ್ದಿ ಕಿಟಕಿಯಲ್ಲಿ ನಿಂತು ಮೀಸೆ ತಿರುವಿದ. “ಒಂದು ಚೀಟಿ ಇಲ್ಲ. ಒಂದು ದೂರಿಲ್ಲ. ಅಮೆರಿಕ ಕಲೀತಾ ಇದೆ.”

“ಏನು ಕಲೀತು? ಅದು ಕಾರಲ್ಲ ಮಾರಾಯ, ತಳ್ಳುಗಾಡಿ. ಮೇಲೆ ನಾಲ್ಕು ಕಿಲೋ ಈರುಳ್ಳಿ ಇಟ್ಟು ಒಂದು ತಕ್ಕಡಿ ತೂಗುಹಾಕು, ವ್ಯಾಪಾರನೂ ಆಗುತ್ತೆ.”

“ಹೊಟ್ಟೆಕಿಚ್ಚು.”

“ಶುಕ್ರವಾರ ಬರಲಿ.”

ಶುಕ್ರವಾರದ ಮಾತು ಬಂದಾಗ ಮಾತ್ರ ವಗ್ದಿಗೂ ಒಳಗೊಳಗೆ ಪುಕುಪುಕು. ಅದಕ್ಕೇ ಗುರುವಾರ ಸಂಜೆ ಅವನು ತನ್ನ ತತ್ವಗಳನ್ನೆಲ್ಲ ಪಕ್ಕಕ್ಕಿಟ್ಟು, ಅಮೆರಿಕ ಸರ್ಕಾರಕ್ಕೆ ಒಂದು ಪಾಠ ಕಲಿಸಲು ನಿರ್ಧರಿಸಿದ. ಅಂದರೆ ನಿಯಮದ ಪ್ರಕಾರ ನಿಲ್ಲಿಸುವುದು! ಬಡಾವಣೆಯನ್ನು ಸುತ್ತಿ ಸುತ್ತಿ ಕೊನೆಗೆ ಮನೆ ಮುಂದೆಯೇ ಜಾಗ ಸಿಕ್ಕಿತು. ಕಾರಿನ ಮುಖ ಸರಿಯಾದ ಕಡೆಗೆ. ಪಾದಚಾರಿ ಕಟ್ಟೆಗೆ ಒಂದು ಗೇಣು. ಬೀದಿ ಗುಡಿಸುವ ದಿನ ಅಲ್ಲ. ಬೆಂಕಿ ಆರಿಸುವವರ ನಲ್ಲಿ ಎಷ್ಟೋ ಮುಂದೆ, ಬೀದಿಯ ತುದಿಯಲ್ಲಿ. ಅದರ ಹತ್ತಿರ ನಿಲ್ಲಿಸಿದರೆ ಈ ಊರಿನಲ್ಲಿ ದೇವರೂ ಕಾಪಾಡುವುದಿಲ್ಲ.

“ನಿವೀನ್, ಕಿಟಕಿಗೆ ಬಾ!” ಅವಳು ಬಂದಳು. “ಹುಡುಕು. ತಪ್ಪು ಹುಡುಕು.”

ನಿವೀನ್ ಆ ಕಡೆ ಈ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. “ಇಲ್ಲ” ಎಂದಳು. ಮದುವೆಯಾದ ಮೇಲೆ ಅವಳು ಹಾಗೆ ಹೇಳಿದ್ದು ಅದೇ ಮೊದಲಿರಬೇಕು. ವಗ್ದಿ ಆ ರಾತ್ರಿ ಗೊರಕೆಯಲ್ಲೂ ನಗುತ್ತಿದ್ದನಂತೆ.

ಬೆಳಿಗ್ಗೆ ಕೋಟು ಹಾಕಿ, ಸೆಂಟು ಬಳಿದು, ಕೀಲಿ ಕುಣಿಸುತ್ತಾ ಕೆಳಗೆ ಇಳಿದರೆ ಕಾರು ಇಲ್ಲ.

ಇತ್ತು. ಆದರೆ ಅಲ್ಲಿರಲಿಲ್ಲ. ಬೀದಿಯ ತುದಿಯಲ್ಲಿ, ಆ ಕೆಂಪು ನಲ್ಲಿಯನ್ನು ಮುದ್ದಿಸುವ ಹಾಗೆ ನಿಂತಿತ್ತು. ಪಕ್ಕದಲ್ಲಿ ಸಮವಸ್ತ್ರದ ಹೆಂಗಸು ಚೀಟಿ ಬರೆಯುತ್ತಿದ್ದಳು.

“ನಿಲ್ಸಿ ಮದಾಂ!” ವಗ್ದಿ ಓಡಿದ. “ನಾನು ಇಲ್ಲಿ ನಿಲ್ಲಿಸಿಲ್ಲ!”

“ಮತ್ತೆ ಯಾರು ನಿಲ್ಲಿಸಿದ್ದು?”

ವಗ್ದಿ ಸುತ್ತ ನೋಡಿದ. “ಬೀದಿ!”

ಗದ್ದಲ ಕೇಳಿ ಜನ ಬಂದರು. ಬಂದವರೆಲ್ಲ ಅವನ ಪಕ್ಷದವರೇ. ಅದೇ ತೊಂದರೆಯಾಯಿತು.

“ಪಾಪ, ಅಣ್ಣ ಮನೆ ಮುಂದೇನೇ ನಿಲ್ಲಿಸಿದ್ರು” ಎಂದ ರೊಹೆಲಿಯೊ. “ನಾನು ಡ್ಯೂಟಿ ಮುಗಿಸಿ ಬಂದಾಗ ನನ್ನ ಕಾರಿಗೆ ಒಂಚೂರು ಜಾಗ ಸಾಲಲಿಲ್ಲ. ಮುಂದಿನ ಕಾರು ಹೋಗಿತ್ತು. ಒಂಚೂರೇ ತಳ್ಳಿದೆ.”

“ನಾನೂ ಒಂಚೂರೇ” ಎಂದಳು ಡೊಲೊರೆಸ್. “ಡಾಕ್ಟರ ಹತ್ರ ಹೋಗೋದಿತ್ತು. ಹಾಗೇ ಸ್ವಲ್ಪ ವ್ಯಾಯಾಮ. ಆಮೇಲೆ ಮೂರನೇ ಮನೆಗೆ ಸೋಫಾ ತಂದ ಲಾರಿಯವರು ಕಾರು ಯಾರದು ಅಂದ್ರು. ಯಾರದಾದ್ರೇನು, ಅದು ತಳ್ಳೋ ಕಾರು, ತಳ್ಳಿ ಅಂದೆ. ಅವರು ಗಟ್ಟಿ ಆಳುಗಳು, ಮಗಾ. ಸ್ವಲ್ಪ ಜಾಸ್ತಿ ತಳ್ಳಿದ್ರು.”

ಸಮವಸ್ತ್ರದ ಹೆಂಗಸು ಪೆನ್ನು ನಿಲ್ಲಿಸಿದಳು. “ಅಂದ್ರೆ ಈತ ದಿನಾ ಬ್ರೇಕು ಹಾಕದೆ ಬೀದೀಲಿ ಕಾರು ಬಿಟ್ಟು ಹೋಗ್ತಾನೆ?”

“ದಿನಾ!” ಮೂರು ಮನೆಯವರು ಹೆಮ್ಮೆಯಿಂದ ಹೇಳಿದರು.

ಅವಳು ಇನ್ನೊಂದು ಚೀಟಿ ಬರೆದಳು.

ವಗ್ದಿ ತಿರುಗಿ ನೋಡಿದರೆ ನಿವೀನ್ ಹಿಂದೆ ನಿಂತಿದ್ದಾಳೆ. ಮುಖದಲ್ಲಿ ನಗು ಇಲ್ಲ. ಕೈ ಮಾತ್ರ ಚಾಚಿದೆ. ಅಂಗೈ ಮೇಲಕ್ಕೆ.

ವಗ್ದಿಗೆ ಆಗ ಹೊಳೆಯಿತು. ಅಮೆರಿಕಕ್ಕೆ ಬಂದ ಮೇಲೆ ಕಾರು ಕಲಿತವಳು ಇವಳು. ಕಲಿತದ್ದು ಗೇರಿಲ್ಲದ ಸೋಫಾದಲ್ಲಿ. ಈ ಕಾರು ಇವಳ ಕೈಲಿ ಅಲುಗಾಡದು.

“ತಗೋ” ಎಂದ ಉದಾರವಾಗಿ. “ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಹೋಗು, ನಿಮ್ಮಣ್ಣನ್ನ ಕರ್ಕೊಂಡು ಬಾ. ಗೇರು ಅಂತ ಒಂದಿದೆ, ಬಲಗೈ ಹತ್ರ. ಕೋಲಿನ ಥರ ಇರುತ್ತೆ.”

ನಿವೀನ್ ಕೂತಳು. ಸೀಟು ಮುಂದಕ್ಕೆ ಎಳೆದಳು, ಕನ್ನಡಿ ಸರಿಮಾಡಿದಳು. ಕ್ಲಚ್ಚು ಒತ್ತಿ, ಗೇರು ಹಾಕಿ, ಕಾರನ್ನು ನಲ್ಲಿಯ ಪಕ್ಕದಿಂದ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಳು.

“ನಿಂಗೆ... ಇದು ಯಾರು ಕಲಿಸಿದ್ರು?”

“ನಾನು ಕೆಲಸ ಮಾಡೋ ಔಷಧಿ ಅಂಗಡಿಯ ಹಳೇ ವ್ಯಾನು ಓಡಿಸ್ತಿರೋದು ಯಾರು ಅಂದ್ಕೊಂಡಿದ್ದೆ? ಅದಕ್ಕೂ ಕೋಲಿದೆ. ಅದೂ ಅಲ್ದೆ ಇಷ್ಟು ವರ್ಷ ನಿನ್ನ ಪಕ್ಕ ಕೂತಿದ್ದೀನಲ್ಲ, ಏನೇನು ಮಾಡಬಾರದು ಅಂತ ಎಲ್ಲ ಕಲಿತೆ. ಹತ್ತು. ಹಿಂದೆ.”

ಏರ್‌ಪೋರ್ಟಿನಿಂದ ಬರುವಾಗ ಸಮೀಹ್ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಹಿಂದೆ ಸಮೀಹನ ಪೆಟ್ಟಿಗೆಗಳು, ಪೆಟ್ಟಿಗೆಗಳ ನಡುವೆ ವಗ್ದಿ, ವಗ್ದಿಯ ತೊಡೆಯ ಮೇಲೆ ಕೈರೋದಿಂದ ಬಂದ ಹಳೇ ಚೀಸಿನ ಡಬ್ಬ. ಅದರ ವಾಸನೆಗೆ ಅವನ ಸೆಂಟು ಶರಣಾಗಿತ್ತು.

“ಭಲೇ ತಂಗಿ!” ಎಂದ ಸಮೀಹ್. “ಉಸ್ತಾ ಅಂದ್ರೆ ನೀನು. ನಂಗೆ ಇಳಿದು ನಡೀಬೇಕು ಅಂತ ಅನ್ನಿಸ್ಲೇ ಇಲ್ಲ.”

“ಕೆಂಪಿದ್ದಾಗ ನಿಂತಳು, ಹಸಿರಿದ್ದಾಗ ಹೊರಟಳು” ಎಂದ ವಗ್ದಿ ಡಬ್ಬದ ಹಿಂದಿನಿಂದ. “ಇದ್ರಲ್ಲಿ ಏನು ಕಲೆ ಇದೆ?”

ಮನೆ ಮುಂದೆ ನಿವೀನ್ ಒಂದೇ ಸಲಕ್ಕೆ ಕಾರು ನಿಲ್ಲಿಸಿದಳು. ಆಮೇಲೆ, ಆ ಕಾರಿನಲ್ಲಿ ವಗ್ದಿ ಎಂದೂ ಕೇಳದಿದ್ದ ಒಂದು ಸದ್ದು ಕೇಳಿಸಿತು. ಕರ್ರ್ ಎಂದು ಹ್ಯಾಂಡ್‌ಬ್ರೇಕು ಮೇಲೆದ್ದಿತು. ಅವಳು ಅದನ್ನು ಅವನ ಬೆನ್ನುಮೂಳೆಗೇ ಕಟ್ಟಿ ಎಳೆದಂತಾಯಿತು.

ಮರುದಿನ ಬೆಳಿಗ್ಗೆ ಕಿಟಕಿಯ ಕೆಳಗೆ ಏದುಸಿರು. ಡೊಲೊರೆಸ್ ಕಾರಿನ ಹಿಂದೆ ಬಾಗಿ ನಿಂತಿದ್ದಳು. ತಳ್ಳಿದಳು. ಭುಜ ಕೊಟ್ಟಳು. ಬೆನ್ನು ಕೊಟ್ಟಳು. ಕಾರು ಅಲ್ಲಾಡಲಿಲ್ಲ.

“ಮಗಾ ವಗ್ದಿ! ನಿನ್ನ ಕಾರು ಕೆಟ್ಟುಹೋಗಿದೆ!”

ವಗ್ದಿ ಕಿಟಕಿ ತೆಗೆದ. ಎದೆ ಸೆಟೆಸಿ ನಿಂತ.

“ಕಾರು ಸರಿಯಾಗೇ ಇದೆ ಮದಾಂ!” ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. ಆಮೇಲೆ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ದನಿ ತಗ್ಗಿಸಿ ಹೇಳಿದ:

“ಸರ್ಕಾರ ಬದಲಾಗಿದೆ.”